ಅರ್ಧ ಪಾವಿನ ತಪ್ಪಲೆ

ಬಾಗೆಮರ ಬಿದ್ದ ದಿನ ನಾನು ಊರಿನ ಇನ್ನೊಂದು ತುದಿಯಲ್ಲಿ ನೀರಿನ ಮೀಟರು ಓದುತ್ತಿದ್ದೆ. ಗಾಳಿಯಿರಲಿಲ್ಲ, ಮಳೆಯಿರಲಿಲ್ಲ. ಸಂಜೆ ಮನೆಗೆ ಬಂದರೆ ನನ್ನ ಕಿಟಕಿಯ ತುಂಬ ಬರೀ ಆಕಾಶ. ಮರ ಮೊಣಕಾಲೆತ್ತರದಲ್ಲಿ ಮುರಿದು, ನಿಂತು ನಿಂತು ಸಾಕಾದವರ ಹಾಗೆ ರಸ್ತೆಗೆ ಅಡ್ಡ ಮಲಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ನಾನು ಆ ಊರಿಗೆ ಬಂದು ಆರು ವರ್ಷವಾಗಿತ್ತು. ಆರು ವರ್ಷದಲ್ಲಿ ದಿನವೂ ನನ್ನ ಜೊತೆ ಮಾತಾಡಿದ್ದು ಆ ಮರ ಒಂದೇ ಎಂದರೆ ಜನ ನಗುತ್ತಾರೆ. ಬಾಗೆಯ ಒಣಕಾಯಿ ಕಂಡವರು ನಗಲಾರರು. ಗೇಣುದ್ದದ ಚಪ್ಪಟೆ ಕಾಯಿ, ಒಳಗೆ ಬೀಜಗಳು ಸಡಿಲ. ಬೆಳಿಗ್ಗೆ ನನಗೆ ಎಚ್ಚರವಾಗುವ ಹೊತ್ತಿಗೆ ಅವು ಗಿಲಗಿಲ ಎನ್ನುತ್ತಿದ್ದವು. ಪಕ್ಕದ ಕೋಣೆಯಲ್ಲಿ ನಾಲ್ಕು ಜನ ಕೂತು, ಮಲಗಿದವನಿಗೆ ಎಚ್ಚರವಾಗದಿರಲಿ ಎಂದು ದನಿ ತಗ್ಗಿಸಿ ಮಾತಾಡುತ್ತಿದ್ದಾರೆ ಅನಿಸುತ್ತಿತ್ತು. ನನಗೆ ಪಕ್ಕದ ಕೋಣೆಯಿರಲಿಲ್ಲ. ಇದ್ದದ್ದೇ ಒಂದು ಕೋಣೆ.

ರಸ್ತೆಯ ಮರ ಬಿದ್ದರೆ ಅದಕ್ಕೆ ತೀರ ಹತ್ತಿರದ ಮನೆಯವನಿಗೆ ಮೂವತ್ತು ದಿನದ ಹಕ್ಕು. ಅಷ್ಟರೊಳಗೆ ಅವನು ಅದನ್ನು ಹಲಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಪುರಸಭೆಯವರು ಸೀಳಿ ಸೌದೆ ಮಾಡುತ್ತಾರೆ. ಅವರು ಮೂರನೆಯ ದಿನ ಬಂದು ಕೊಂಬೆಗಳನ್ನು ಕಡಿದರು, ದಿಮ್ಮಿಯನ್ನು ಬಂಡಿಗೆ ಹೇರಿ ಮಿಲ್ಲಿನ ಅಂಗಳದಲ್ಲಿ ಉರುಳಿಸಿದರು, ಅದರ ತುದಿಗೆ ಕೆಂಪು ಬಣ್ಣದಲ್ಲಿ ಗಡುವಿನ ತಾರೀಕು ಬರೆದರು. ನಾನು ಕಡಿದ ಕೊಂಬೆಗಳಿಂದ ಒಂದು ಗೋಣಿಚೀಲ ತುಂಬ ಒಣಕಾಯಿ ಕಿತ್ತು ತಂದು ಮೂಲೆಯಲ್ಲಿಟ್ಟೆ. ಯಾಕೆ ಎಂದು ಯೋಚಿಸಲಿಲ್ಲ. ಹಲಗೆ ಮಾಡಿಸಿ ಏನು ಮಾಡುತ್ತೀಯ ಎಂದು ಪುರಸಭೆಯ ಗುಮಾಸ್ತ ಕೇಳಿದಾಗ ಹಕ್ಕಿನ ಚೀಟಿಗೆ ಸಹಿ ಹಾಕಿ ಬಂದೆ. ಅದು ಯಾರದೋ ಹಂಡೆಯ ಕೆಳಗೆ ಉರಿಯಬಾರದು, ಅಷ್ಟೇ.

ಊರಿಗೆ ಇದ್ದದ್ದು ಒಂದೇ ಮಿಲ್ಲು. ಅದರ ದೊಡ್ಡ ಗರಗಸ ಆಳೆತ್ತರದ ಎರಡು ಚಕ್ರಗಳ ಮೇಲೆ ಪಟ್ಟಿಯ ಹಾಗೆ ಸುತ್ತುತ್ತದೆ. ದಿಮ್ಮಿಯನ್ನು ಹಳಿಯ ಮೇಲಿನ ಟ್ರಾಲಿಗೆ ಬಿಗಿದು ಈ ಕಡೆಯಿಂದ ಒಬ್ಬರು ತಳ್ಳಬೇಕು, ಆ ಕಡೆ ಬಿಚ್ಚಿಕೊಂಡು ಬರುವ ಹಲಗೆಯನ್ನು ಇನ್ನೊಬ್ಬರು ಹಿಡಿಯಬೇಕು. ಆ ಇಬ್ಬರೂ ಅಂದು ಬೆಳಿಗ್ಗೆ ಎದುರುಬದುರು ಕೂತು ಒಂದೇ ತಪ್ಪಲೆಯ ಅನ್ನ ಉಂಡಿರಬೇಕು. ತಪ್ಪಲೆ ಮರದ ಹಕ್ಕುದಾರನ ಮನೆಯದಾಗಿರಬೇಕು. ಉಂಡಿರದಿದ್ದರೆ ಮೋಟಾರು ಗುಂಯ್ ಎನ್ನುತ್ತದೆ, ಬೆಲ್ಟು ನಡುಗುತ್ತದೆ, ಗರಗಸ ಮಾತ್ರ ಅಲುಗುವುದಿಲ್ಲ. ಹೋಟೆಲಿನಲ್ಲಿ ಉಂಡು ಬಂದವರು, ಪೇಟೆಯಿಂದ ಹೊಸ ತಪ್ಪಲೆ ತಂದವರು, ಎಲ್ಲರೂ ಗುಂಯ್ ಕೇಳಿಸಿಕೊಂಡು ದಿಮ್ಮಿ ಉರುಳಿಸಿಕೊಂಡು ವಾಪಸು ಹೋಗಿದ್ದಾರೆ. ಮನೆಯಲ್ಲಿ ವರ್ಷ ಕಳೆಯದ ಪಾತ್ರೆಯನ್ನು ಗರಗಸ ಒಪ್ಪುವುದಿಲ್ಲ.

ಊರು ಇದಕ್ಕೆ ತಕ್ಕ ಹಾಗೆ ಬದುಕುವುದನ್ನು ಎಂದೋ ಕಲಿತಿತ್ತು. ಬೇಲಿಯ ಜಗಳದಲ್ಲಿ ಮುಖ ನೋಡದ ಅಣ್ಣತಮ್ಮಂದಿರು ಬಾಗಿಲು ಕೊಯ್ಯಿಸುವ ದಿನ ಮಾತ್ರ ಒಟ್ಟಿಗೆ ಕೂತು, ಎಲೆಯ ಮೇಲಿಂದ ಕಣ್ಣೆತ್ತದೆ ಉಂಡು, ಒಟ್ಟಿಗೆ ತಳ್ಳಿ, ಹಲಗೆ ಪಾಲು ಮಾಡಿಕೊಂಡು ಮತ್ತೆ ಜಗಳಕ್ಕೆ ಹೋಗುತ್ತಿದ್ದರು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡಹೆಂಡಿರ ಕೈಯಲ್ಲಿ ಒಂದು ದಿನ ಗರಗಸ ನಿಂತುಬಿಟ್ಟು, ಗಂಡ ಬೆಳಗಿನ ಊಟ ಬೇರೆ ಬೀದಿಯಲ್ಲಿ ಮಾಡುತ್ತಾನೆಂದು ಊರಿಗೆಲ್ಲ ಗೊತ್ತಾಗಿತ್ತು. ಇನ್ನೊಬ್ಬರ ಮನೆಯಲ್ಲಿ ಉಂಡರೆ ಮುಂದಿನ ಹುಣ್ಣಿಮೆಯವರೆಗೆ ಸ್ವಂತ ಮನೆಯವರ ಜೊತೆ ಗರಗಸ ಓಡುವುದಿಲ್ಲ ಎಂಬ ನಂಬಿಕೆಯೂ ಇತ್ತು. ಹಾಗಾಗಿ ಆ ಊರಿನಲ್ಲಿ ಯಾರೂ ಯಾರನ್ನೂ ಸುಮ್ಮಸುಮ್ಮನೆ ಊಟಕ್ಕೆ ಕರೆಯುತ್ತಿರಲಿಲ್ಲ. ಯಾರಾದರೂ ಕರೆದರೆ ಕೇಳುವ ಮೊದಲ ಮಾತು, ಏನು ಕೊಯ್ಯಿಸಬೇಕಾಗಿತ್ತು?

ಮೀಟರು ಓದುವವನಿಗೆ ಊರಿನ ಎಲ್ಲ ಜಗಲಿಗಳೂ ಗೊತ್ತಿರುತ್ತವೆ, ಒಂದು ಅಡುಗೆಮನೆಯೂ ಗೊತ್ತಿರುವುದಿಲ್ಲ. ನಾನು ಜಗಲಿಯಿಂದ ಜಗಲಿಗೆ ಕೇಳುತ್ತ ಹೋದೆ. ಮೊದಲು ಅಂಕಿ ಬರೆದುಕೊಳ್ಳುವುದು, ಆಮೇಲೆ ಮರದ ವಿಷಯ ತೆಗೆಯುವುದು. ಎಲ್ಲರೂ ಮರ ಬಿದ್ದದ್ದಕ್ಕೆ ಬೇಜಾರು ಪಟ್ಟರು. ಒಬ್ಬಾಕೆ, ನಮ್ಮವರು ಬರುವ ವಾರ ಮಂಚ ಕೊಯ್ಯಿಸಬೇಕಲ್ಲ, ಇಲ್ಲದಿದ್ದರೆ ಖಂಡಿತ ಕಳಿಸುತ್ತಿದ್ದೆ ಎಂದರು. ನಿವೃತ್ತ ಮೇಷ್ಟ್ರೊಬ್ಬರು ಆಗಲಿ ಎಂದು ಒಪ್ಪಿ, ಮಾರನೆಯ ದಿನ ಸೊಸೆಯ ಕೈಲಿ ಹೊಟ್ಟೆನೋವೆಂದು ಹೇಳಿ ಕಳಿಸಿದರು. ಹೊಟ್ಟೆನೋವು ಅವರಿಗೋ ಸೊಸೆಗೋ ಎಂದು ನಾನು ಕೇಳಲಿಲ್ಲ. ಮಿಲ್ಲು ನೋಡಿಕೊಳ್ಳುವ ಈರಾಚಾರಿಯನ್ನೂ ಕೇಳಿದೆ. ಅವರು ಮಿಲ್ಲಿನ ಹಿಂದೆ ಗೋಡೆಗೆ ಮುಖ ಮಾಡಿ ಒಬ್ಬರೇ ಉಣ್ಣುವ ಮನುಷ್ಯ.

"ನಿನ್ನ ಜೊತೆ ಇವತ್ತು ಉಂಡರೆ ನಾಳೆ ಊರಿನ ಅರ್ಧ ನನ್ನನ್ನ ಊಟಕ್ಕೆ ಕರೀತದೆ ಮೀಟ್ರಣ್ಣ," ಎಂದರು. "ಆಮೇಲೆ ಅವರವರು ಕೂತು ಉಣ್ಣೋದು ಯಾವಾಗ?"

ಹಾಗಾದರೆ ಕೈಗರಗಸದಲ್ಲಿ ಕೊಯ್ಯುತ್ತೇನೆ ಎಂದೆ. ಅವರು ದಿಮ್ಮಿಯ ಸುತ್ತಳತೆಯನ್ನು ಕಣ್ಣಲ್ಲೇ ಅಳೆದು, ಅದಕ್ಕೂ ಇಬ್ಬರು ಬೇಕು ಎಂದರು.

ಇಪ್ಪತ್ತಾರನೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ ಕೆಂಚಮ್ಮ ಮರದ ಮೋಟಿನ ಮೇಲೆ ಕೂತಿದ್ದಳು. ನಮ್ಮ ರಸ್ತೆ ಗುಡಿಸುವವಳು. ಅರವತ್ತರ ಹತ್ತಿರದ ವಯಸ್ಸು, ಒಂಟಿ. ಅವಳನ್ನು ನಾನು ಆರು ವರ್ಷದಿಂದ ದಿನವೂ ನೋಡಿದ್ದೆ, ಅಂದರೆ ನೋಡಿರಲಿಲ್ಲ. ಮೋಟನ್ನು ಕೈಯಿಂದ ಸವರುತ್ತ, ಹದಿನೆಂಟು ವರ್ಷ ಇದರ ಕಸ ಬಳಿದಿದ್ದೇನೆ, ಎಲೆ ಮುಗಿದರೆ ಹೂವು, ಹೂವು ಮುಗಿದರೆ ಕಾಯಿ, ಬೇರೆಯವರ ಮನೆ ಮುಂದೆ ನಾಲ್ಕು ಸಲ ಪೊರಕೆ ಎಳೆದು ಹೋಗುವವಳು ಇಲ್ಲಿ ಮಾತ್ರ ಅರ್ಧ ತಾಸು ಬಗ್ಗಿರಬೇಕಿತ್ತು, ಇದಕ್ಕೆ ನಾನು ಹಾಕದ ಶಾಪವಿಲ್ಲ ಎಂದಳು. ಆಮೇಲೆ, ಬಿದ್ದ ಮೇಲೆ ಸೊಂಟಕ್ಕೆ ಆರಾಮಾಗಿದೆ, ಆದರೂ ಯಾಕೋ ಇಲ್ಲಿ ಬಂದಾಗ ಕಾಲು ನಿಲ್ಲುತ್ತದೆ ಎಂದಳು.

ನಾನು ಕೇಳಿದೆ. ಅವಳು ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸಮ ಮಾಡಿಕೊಂಡಳು.

"ನಿನ್ನ ಮನೇಲಾ? ಒಳಗೆ ಕೂತು?"

"ಒಳಗೇ."

"ಹಂಗಾದ್ರೆ ನನಗೊಂದು ಮಣೆ ಮಾಡಿಕೊಡ್ಬೇಕು ಅದರಲ್ಲಿ. ಅದರ ಕಸ ನಾನು ಹೊತ್ತಿದೀನಿ, ಅದು ನನ್ನ ಹೊರಲಿ."

ಈಗ ನನ್ನ ತಪ್ಪಲೆಯ ವಿಷಯ ಹೇಳಬೇಕು. ಊರಿಗೆ ಬಂದ ವಾರ ಕೊಂಡದ್ದು. ಅರ್ಧ ಪಾವು ಅಕ್ಕಿ ಹಿಡಿಯುತ್ತದೆ. ಅದರ ಮೇಲೆ ಒಂದು ಹಿಡಿ ಹಾಕಿದರೂ ಉಕ್ಕಿ ಒಲೆ ಆರಿಸುತ್ತದೆ. ಒಬ್ಬನ ಊಟಕ್ಕೆ ಕರಾರುವಾಕ್ಕಾದ ಪಾತ್ರೆ. ಉಳಿಯುವುದಿಲ್ಲ, ಸಾಲದೆ ಹೋಗುವುದಿಲ್ಲ. ಮನೆಗೆ ಮೊದಲ ಸಲ ಊಟಕ್ಕೆ ಬರುವವಳಿಗೆ ಅರೆಹೊಟ್ಟೆ ಬಡಿಸುವುದು ಹೇಗೆ? ಇಪ್ಪತ್ತೆಂಟನೆಯ ದಿನ ನಾನು ಬೇಗ ಎದ್ದು ಒಂದು ಸಲ ಅನ್ನ ಮಾಡಿ, ಅದನ್ನು ಸ್ಟೀಲಿನ ಡಬ್ಬಿಗೆ ಬಗ್ಗಿಸಿ ಮುಚ್ಚಿಟ್ಟು, ಅದೇ ತಪ್ಪಲೆ ತೊಳೆದು ಇನ್ನೊಂದು ಸಲ ಮಾಡಿದೆ. ತಪ್ಪಲೆ ಒಂದೇ ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಕೆಂಚಮ್ಮ ಒಗೆದ ಸೀರೆ ಉಟ್ಟು ಬಂದಳು. ಪೊರಕೆಯಿಲ್ಲದೆ ಅವಳ ಕೈಗಳಿಗೆ ಏನು ಮಾಡಬೇಕೆಂದು ತಿಳಿದಂತಿರಲಿಲ್ಲ. ನಾನು ಅವಳಿಗೆ ಡಬ್ಬಿಯಿಂದ ಬಡಿಸಿದೆ, ನನಗೆ ತಪ್ಪಲೆಯಿಂದ. ಅವಳು ಡಬ್ಬಿಯನ್ನು ಒಮ್ಮೆ ನೋಡಿದಳು. ಬದನೆಕಾಯಿ ಗೊಜ್ಜು ಚೆನ್ನಾಗಿದೆ ಎಂದಳು. ಎದುರಿಗೆ ಒಬ್ಬರು ಅಗಿಯುವ ಸದ್ದು ಕೇಳುತ್ತ ಉಣ್ಣುವುದು ನನಗೆ ಮರೆತೇಹೋಗಿತ್ತು. ಸಂತೋಷದಲ್ಲಿ ನನಗೆ ಬೇರೇನೂ ಕಾಣಲಿಲ್ಲ.

ಮಿಲ್ಲಿನಲ್ಲಿ ಈರಾಚಾರಿ ದಿಮ್ಮಿಯನ್ನು ಟ್ರಾಲಿಗೆ ಬಿಗಿದರು. ನಾನು ತಳ್ಳುವ ಕಡೆ ನಿಂತೆ, ಕೆಂಚಮ್ಮ ಹಿಡಿಯುವ ಕಡೆ. ಅವರು ಸ್ವಿಚ್ಚು ಒತ್ತಿದರು. ಗುಂಯ್ ಎಂದಿತು. ಬೆಲ್ಟು ನಡುಗಿತು. ಇನ್ನೊಮ್ಮೆ ಒತ್ತಿದರು. ಬೇರೆ ಮರ ತಂದವರು ಅಂಗಳದಲ್ಲಿ ಸಾಲಾಗಿ ಕೂತಿದ್ದರು. ಎಲ್ಲರೂ ಈ ಕಡೆ ತಿರುಗಿದರು. ಈರಾಚಾರಿ ನನ್ನನ್ನು ಏನೂ ಕೇಳಲಿಲ್ಲ. ಕೆಂಚಮ್ಮನ ಕಡೆ ತಿರುಗಿ, ನಿಜವಾಗಿ ಉಂಡೆಯೋ, ಇಲ್ಲಾ ಸೆರಗಿನಲ್ಲಿ ಕಟ್ಟಿಕೊಂಡು ಬಂದೆಯೋ ಎಂದರು. ಸಾಲಿನಲ್ಲಿ ಯಾರೋ ನಕ್ಕರು.

ಅವಳು ಹಲಗೆ ಹಿಡಿಯಲೆಂದು ಚಾಚಿದ್ದ ಕೈಗಳನ್ನು ಇಳಿಸಿದಳು. ಎರಡು ದಿನದ ಹಿಂದೆ ಮೋಟಿನ ಮೇಲೆ ಕೂತು ನನ್ನನ್ನು ನೀನು ಎಂದವಳು ಅವತ್ತು ಹಾಗೆ ಕರೆಯಲಿಲ್ಲ.

"ನನಗೆ ಬೇರೆ ಪಾತ್ರೇಲಿ ಬಡಿಸಿದ್ದು ನಾನು ನೋಡಿದೆ ಸ್ವಾಮಿ. ನಮಗದು ಹೊಸದಲ್ಲ, ಸುಮ್ಮನಿದ್ದೆ. ನೀವೂ ಸುಮ್ಮನಿದ್ರಿ. ಈ ಮಷೀನಿಗೆ ಸುಮ್ಮನಿರಕ್ಕೆ ಬರಲ್ಲ."

ಅವಳು ಅಂಗಳ ದಾಟಿ ಹೋದಳು. ಜನ ದಾರಿ ಬಿಟ್ಟರು. ನಾನು ಟ್ರಾಲಿಯ ಹಿಡಿಯನ್ನು ಹಿಡಿದೇ ನಿಂತಿದ್ದೆ. ಹಾಗಲ್ಲ ಎನ್ನಬೇಕಾಗಿತ್ತು. ಹಾಗಲ್ಲ ಎನ್ನಲು ನನ್ನ ತಪ್ಪಲೆ ಎಷ್ಟು ಚಿಕ್ಕದೆಂದು ಅಷ್ಟು ಜನರ ಮುಂದೆ ಹೇಳಬೇಕಾಗಿತ್ತು. ನನಗೆ ಆಗಲಿಲ್ಲ. ಸಾಲಿನಲ್ಲಿದ್ದ ಒಬ್ಬ, ಬಿಡಿ ಮೀಟ್ರಣ್ಣ, ಅವರ ಜೊತೆ ಕೂತಿದ್ದೇ ದೊಡ್ಡದು ಎಂದ. ಆ ಸಮಾಧಾನದ ಮಾತು ಕೇಳಿದ ಮೇಲೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮಾರನೆಯ ದಿನ ಮಿಲ್ಲಿಗೆ ರಜೆ. ಅದರ ಮರುದಿನ ಗಡುವು. ನಾನು ತಪ್ಪಲೆಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಟೆ. ಚೀಲದಲ್ಲಿ ಹಾಕಿಕೊಳ್ಳಬಹುದಾಗಿತ್ತು, ಹಾಕಿಕೊಳ್ಳಲಿಲ್ಲ. ಬೀದಿಯುದ್ದಕ್ಕೂ ಜನ ಮೊದಲು ಮುಖ ನೋಡಿದರು, ಆಮೇಲೆ ತಪ್ಪಲೆ ನೋಡಿದರು. ಕೆಂಚಮ್ಮನ ಓಣಿಗೆ ನಾನು ಹಿಂದೆ ಹೋಗಿರಲಿಲ್ಲ. ಅಲ್ಲಿ ಮನೆಗಳಿಗೆ ಮೀಟರಿಲ್ಲ, ಎಲ್ಲರಿಗೂ ಸೇರಿ ಮೂಲೆಯಲ್ಲಿ ಒಂದು ನಲ್ಲಿ. ಕೇಳಿಕೊಂಡು ಹೋದೆ. ಅವಳು ಹೊಸಿಲ ಮೇಲೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ, ಕೂತುಕೋ ಎನ್ನಲೂ ಇಲ್ಲ. ನಾನು ತಪ್ಪಲೆಯನ್ನು ಅವಳ ಮೊರದ ಪಕ್ಕ ಇಟ್ಟೆ.

"ಇದು ನನ್ನ ಅನ್ನದ ತಪ್ಪಲೆ ಕೆಂಚಮ್ಮ. ನಿಮ್ಮದನ್ನು ಇದರಲ್ಲೇ ಮೊದಲು ಮಾಡಿದೆ. ಇಬ್ಬರದು ಇದರಲ್ಲಿ ಹಿಡಿಯುವುದಿಲ್ಲ."

ಅವಳು ಅದರೊಳಗೆ ಬಗ್ಗಿ ನೋಡಿದಳು. ಆಮೇಲೆ ಬಲಗೈ ಮುಷ್ಟಿ ಕಟ್ಟಿ ಒಳಗೆ ಇಳಿಸಿದಳು. ಮುಷ್ಟಿ ಹೋಗಿ ಕೂತಿತು, ಸುತ್ತ ಜಾಗ ಉಳಿಯಲಿಲ್ಲ.

"ಗುಬ್ಬಿ ಸಾಕಿದೀಯಾ?" ಎಂದಳು.

ನಾನು ಇಲ್ಲವೆಂದೆ.

"ಆರು ವರ್ಷ ಇದ್ರಲ್ಲೇನಾ? ಒಂದು ದಿನಾನೂ ಯಾರೂ ಬರಲಿಲ್ಲವಾ ನಿನ್ನ ಮನೆಗೆ?"

ನಾನು ನಲ್ಲಿಯ ಕಡೆ ನೋಡಿದೆ. ಅದು ಸೋರುತ್ತಿತ್ತು. ಅವಳು ಮುಷ್ಟಿಯನ್ನು ತಪ್ಪಲೆಯಿಂದ ತೆಗೆದು, ಹೊಟ್ಟು ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ನನಗೆ ಅರ್ಧ ಹೊಟ್ಟೆ ರೂಢಿ, ನಿನಗೆ ಹೇಗೋ ಗೊತ್ತಿಲ್ಲ ಎಂದಳು. ಇದ್ದದ್ದನ್ನು ಇದ್ದ ಹಾಗೆ ಬಡಿಸುವುದು ಬಿಟ್ಟು ದೊಡ್ಡಸ್ತಿಕೆ ಮಾಡಲು ಹೋದರೆ ಹೀಗೇ ಆಗುವುದು ಎಂದು ಮುಖದ ಮೇಲೆ ಹೇಳಿದಳು. ನಾಳೆ ಹುಳಿ ಮಜ್ಜಿಗೆ ಮಾತ್ರ ಇಡಬೇಡ, ಗಂಟಲು ಕಟ್ಟುತ್ತದೆ ಎಂದಳು. ನಾನು ಓಣಿಯ ತಿರುವಿಗೆ ಬಂದಾಗ ಹಿಂದಿನಿಂದ ಕೂಗಿ ತಪ್ಪಲೆ ಮರೆತಿದ್ದೇನೆಂದು ಹೇಳಿದಳು. ವಾಪಸು ಹೋಗಿ ತಂದೆ.

ಮೂವತ್ತನೆಯ ದಿನ ಅರ್ಧ ಪಾವು ಅಕ್ಕಿಯ ಅನ್ನವನ್ನು ಅವಳೇ ತಪ್ಪಲೆಯೊಳಗೆ ಸೌಟಿನ ಹಿಂಬದಿಯಿಂದ ಗೆರೆ ಎಳೆದು ಎರಡು ಪಾಲು ಮಾಡಿದಳು. ಆರು ತುತ್ತು ಅವಳಿಗೆ, ಆರು ನನಗೆ. ಅಷ್ಟೇ ಆಗಿದ್ದರಿಂದ ಇಬ್ಬರೂ ನಿಧಾನವಾಗಿ ಉಂಡೆವು. ತಳ ಸ್ವಲ್ಪ ಹಿಡಿದಿತ್ತು. ಆ ಹೊತ್ತಿದ ಚಕ್ಕೆಯನ್ನು ಅವಳು ಕೆರೆದು, ಮುರಿದು, ದೊಡ್ಡ ಚೂರನ್ನು ನನ್ನ ತಟ್ಟೆಗೆ ಹಾಕಿದಳು. ಈ ಮರ ನನ್ನ ಜೊತೆ ಮಾತಾಡುತ್ತಿತ್ತು ಎಂದು ನಾನು ಆಗ ಅವಳಿಗೆ ಹೇಳಿದೆ. ಅವಳು ನಗಲಿಲ್ಲ. ನಾನು ಅದಕ್ಕೆ ದಿನಾ ಬೈತಿದ್ದೆನಲ್ಲ, ಅದನ್ನೇ ನಿನಗೆ ಹೇಳಿಕೊಳ್ಳುತ್ತಿತ್ತೇನೋ ಎಂದಳು.

ಮಿಲ್ಲಿನ ಅಂಗಳದಲ್ಲಿ ಪುರಸಭೆಯ ಇಬ್ಬರು ಕೊಡಲಿ ಹಿಡಿದು ದಿಮ್ಮಿಯ ಮೇಲೆಯೇ ಕೂತಿದ್ದರು. ಈರಾಚಾರಿ ಅವರನ್ನು ಎಬ್ಬಿಸಿದರು. ನಾನು ತಳ್ಳುವ ಕಡೆ, ಅವಳು ಹಿಡಿಯುವ ಕಡೆ. ಸ್ವಿಚ್ಚು ಒತ್ತಿದ್ದೇ ಗುಂಯ್ ಎಂದಿತು. ಬೆಲ್ಟು ನಡುಗಿತು. ಅವಳು ನನ್ನನ್ನು ನೋಡುತ್ತಿದ್ದಳು. ಆಮೇಲೆ ದೊಡ್ಡ ಚಕ್ರ ಒಂದು ಸಲ ಆಕಳಿಸಿದ ಹಾಗೆ ಹೊರಳಿ, ಗರಗಸದ ಹಲ್ಲುಗಳು ಒಂದರಲ್ಲೊಂದು ಕಲೆತು ಬರೀ ಹೊಳಪಾಯಿತು. ನಾನು ತಳ್ಳಿದೆ. ಬಾಗೆಯ ಪುಡಿ ಮೂಗಿಗೆ ಹೊಡೆಯುತ್ತದೆ. ಮೊದಲ ಹಲಗೆ ಬಿಚ್ಚುವಷ್ಟರಲ್ಲಿ ನಾನು ಸೀನತೊಡಗಿದೆ. ಆ ಕಡೆಯಿಂದ ಅವಳೂ ಸೀನಿದಳು. ಒಂಬತ್ತು ಹಲಗೆ ಆಗುವವರೆಗೂ ಇಬ್ಬರೂ ಸೀನುತ್ತಲೇ ಇದ್ದೆವು, ಒಬ್ಬರ ಸೀನಿಗೆ ಇನ್ನೊಬ್ಬರು ಉತ್ತರ ಕೊಟ್ಟ ಹಾಗೆ. ಒಳಗೆ ಮರ ಕಂದುಬಣ್ಣವಿತ್ತು, ನಡುವೆ ಕಪ್ಪು ಎಳೆಗಳು. ಕೆಂಪು ತಾರೀಕು ಒಂಬತ್ತು ತುಂಡಾಗಿ ಒಂಬತ್ತು ಹಲಗೆಯ ತುದಿಯಲ್ಲಿ ಉಳಿಯಿತು. ಈರಾಚಾರಿ ಮೋಟಾರು ನಿಲ್ಲಿಸಿ ಕೆಂಚಮ್ಮನ ಹತ್ತಿರ ಹೋಗಿ, ಮೊನ್ನೆಯ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಹಚ್ಚಿಕೊಂಡಾಗಿದೆ ಆಚಾರ್ರೇ ಎಂದಳು ಅವಳು.

ಹಲಗೆಗಳನ್ನು ತಂದು ಗೋಡೆಗೆ ಒರಗಿಸಿದೆ. ಕೋಣೆ ಇನ್ನೂ ಚಿಕ್ಕದಾಯಿತು. ಒಂದರಿಂದ ಮಣೆ ಮಾಡಿದೆ, ಮರ ನಯ ಮಾಡುವ ಕೀಸುಳಿ ಹಿಡಿದು ಅಭ್ಯಾಸವಿಲ್ಲದ್ದರಿಂದ ನಾಲ್ಕು ದಿನ ಹಿಡಿಯಿತು. ಕೊಟ್ಟಾಗ ಅವಳು ತಿರುಗಿಸಿ ನೋಡಿ, ಒಂದು ಕಾಲು ಗಿಡ್ಡವಾಗಿದೆ, ಪರವಾಗಿಲ್ಲ, ನನ್ನದೂ ಹಾಗೇ ಎಂದಳು. ತಲೆಯ ಮೇಲೆ ಇಟ್ಟುಕೊಂಡು ಹೋದಳು. ಆಮೇಲೆ ನಮ್ಮಿಬ್ಬರಿಗೂ ಕೊಯ್ಯಿಸಬೇಕಾದ್ದೇನೂ ಉಳಿಯಲಿಲ್ಲ.

ಬೆಳಿಗ್ಗೆ ಎದ್ದರೆ ಹಲಗೆಗಳು ಸುಮ್ಮನಿರುತ್ತಿದ್ದವು. ಹಲಗೆಗೆ ದನಿಯಿಲ್ಲ ಎನ್ನುವುದು ಮಿಲ್ಲಿಗೆ ಅಲೆಯುವ ಮೊದಲೇ ಯಾರಿಗಾದರೂ ಹೊಳೆಯಬೇಕಾದ್ದು. ನನಗೆ ಹೊಳೆದಿರಲಿಲ್ಲ. ಒಂದು ದಿನ ಮಲಗಿದಲ್ಲಿಂದಲೇ ಕೆಂಚಮ್ಮನ ಪೊರಕೆ ಕೇಳಿಸಿತು. ಬೀದಿಯ ತುದಿಯಿಂದ ಬಂತು, ನನ್ನ ಮನೆಯ ಮುಂದೆ ನಾಲ್ಕೇ ಸಲ ಆಡಿತು, ಮುಂದೆ ಹೋಯಿತು. ಈಗ ಇಲ್ಲಿ ಬಳಿಯುವುದಕ್ಕೆ ಏನೂ ಇಲ್ಲವಲ್ಲ. ಆಗ ನನಗೆ ತಿಳಿದದ್ದು ಇಷ್ಟು. ಮರದ ಮೇಲಿನ ಕಾಯಿಗೆ ಗಾಳಿ ಬೇಕು, ನಮ್ಮ ಬೀದಿಗೆ ಬೆಳಗಿನ ಹೊತ್ತು ಗಾಳಿಯಿಲ್ಲ. ಆರು ವರ್ಷ ನಾನು ಪಕ್ಕದ ಕೋಣೆಯ ಮಾತೆಂದು ಕೇಳಿದ್ದು ರಸ್ತೆಯ ಮೇಲೆ ಬಿದ್ದ ಕಾಯಿಗಳನ್ನು ಅವಳ ಪೊರಕೆ ಒಟ್ಟುಮಾಡುವ ಸದ್ದು.

ಅವತ್ತು ಅರ್ಧ ಪಾವಿನ ಅನ್ನ ಮಾಡಿಕೊಂಡೆ. ಆರು ತುತ್ತಿಗೆ ಹೊಟ್ಟೆ ತುಂಬಿತು. ಉಳಿದದ್ದಕ್ಕೆ ಮುಚ್ಚಳ ಮುಚ್ಚಿ ಕೆಲಸಕ್ಕೆ ಹೋದೆ. ಮಾರನೆಯ ದಿನವೂ ಅಷ್ಟೇ ಉಳಿಯಿತು.

ಮೂರನೆಯ ದಿನ, ಅವಳು ಬರುವ ಮೊದಲೇ ಎದ್ದು, ಗೋಣಿಚೀಲ ಬಿಚ್ಚಿ ಒಂದು ಮುಷ್ಟಿ ಒಣಕಾಯಿ ತೆಗೆದುಕೊಂಡು ಹೋಗಿ ಮೋಟಿನ ಸುತ್ತ ಚೆಲ್ಲಿ ಬಂದೆ. ಬಾಗಿಲು ಹಾಕಿ ಕೂತೆ. ಪೊರಕೆ ಬಂತು, ನಿಂತಿತು. ಆಮೇಲೆ ಗಿಲಗಿಲ. ಅವಳು ಏನೂ ಕೇಳದೆ ಬಳಿದುಕೊಂಡು ಹೋದಳು. ಮಾರನೆಯ ದಿನವೂ ಚೆಲ್ಲಿದೆ, ಅದರ ಮಾರನೆಯ ದಿನವೂ. ಚೀಲ ಕೆಳಗಿಳಿಯುತ್ತಿತ್ತು. ಹೀಗೆ ಹತ್ತನೆಯ ದಿನವೋ ಏನೋ, ಪೊರಕೆ ನಿಂತದ್ದು ಮತ್ತೆ ಶುರುವಾಗಲಿಲ್ಲ. ನಾನು ಬಾಗಿಲು ತೆಗೆದೆ.

ಅವಳು ತಲೆ ಎತ್ತಿ, ಮರವಿದ್ದ ಜಾಗದ ಆಕಾಶವನ್ನು ನೋಡುತ್ತಿದ್ದಳು.

"ಮೀಟ್ರಪ್ಪಾ, ಎಲ್ಲಿಂದ ಬೀಳ್ತವೆ ಇವು?"

ನಾನು ಹೊಸಿಲಲ್ಲೇ ನಿಂತಿದ್ದೆ. ಒಳಗೆ ಒಲೆಯ ಮೇಲೆ ತಪ್ಪಲೆಯ ಮುಚ್ಚಳ ಕುಣಿಯುತ್ತಿತ್ತು.

"ಅನ್ನ ಆಗ್ತಾ ಇದೆ ಕೆಂಚಮ್ಮ."

"ಏನು ಕೊಯ್ಯಿಸ್ಬೇಕಿತ್ತು?"

"ಏನಿಲ್ಲ."

ಅವಳು ಪೊರಕೆಯ ಬುಡವನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸಮ ಮಾಡಿಕೊಂಡಳು. ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು.

"ತಾಳು, ಇದನ್ನ ಬಳಿದು ಬರ್ತೀನಿ," ಎಂದಳು.

ನಾನು ಒಳಗೆ ಹೋಗಿ ತಟ್ಟೆ ತೊಳೆದು ಎದುರುಬದುರು ಇಟ್ಟೆ, ಒಲೆ ಆರಿಸಿದೆ, ಕೂತೆ. ಹೊರಗೆ ಕಾಯಿಗಳು ಗಿಲಗಿಲ ಎನ್ನುತ್ತಲೇ ಇದ್ದವು. ಅವತ್ತು ನಾನು ಎರಡು ಮುಷ್ಟಿ ಚೆಲ್ಲಿದ್ದೆ.